ಹನ್ನೊಂದು ನಲವತ್ತರ ಸ್ವೀಕೃತಿ

1963ರ ಬೇಸಿಗೆಯಲ್ಲಿ ನಾನು ಹುಬ್ಬಳ್ಳಿಯ ಒಂದು ತಾರು ಕಚೇರಿಯಲ್ಲಿ ಟೆಲಿಗ್ರಾಫಿಸ್ಟ್ ಆಗಿದ್ದೆ. ಕೆಲಸಕ್ಕೆ ಸೇರಿ ಆರು ವರ್ಷವಾಗಿತ್ತು. ಕೈ ಪಳಗಿತ್ತು, ಅದರ ಜಂಬವೂ ಇತ್ತು. ಧಾರವಾಡದ ಕಡೆಯ ತಂತಿ ನನ್ನ ಮೇಜಿಗೆ ಬರುತ್ತಿತ್ತು.

ನನ್ನ ಸೊಸೆ ಈಗ ಸರಕಾರಿ ಕಚೇರಿಯಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಫೈಲು ಕಳಿಸುತ್ತಾಳೆ. ಎಲ್ಲ ಯಂತ್ರಗಳೂ ಒಂದೇ ಜಾಲದಲ್ಲಿವೆಯಂತೆ, ಫೈಲು ಸಿಕ್ಕಿತೆಂದು ಆ ಕಡೆಯ ಯಂತ್ರವೇ ತಿಳಿಸುತ್ತದಂತೆ. ನಮ್ಮದೂ ಹೆಚ್ಚುಕಡಿಮೆ ಹಾಗೆಯೇ ಇತ್ತು. ಒಂದೇ ತಂತಿಗೆ ಆರು ಕಚೇರಿಗಳು. ಒಬ್ಬ ಕೀ ಒತ್ತಿದರೆ ಆರೂ ಕಡೆ ಸದ್ದು ಕೇಳುತ್ತಿತ್ತು. ಪ್ರತಿ ಕಚೇರಿಗೂ ಎರಡಕ್ಷರದ ಸಂಕೇತ. ಯಾರ ಸಂಕೇತ ಕರೆದರೋ ಅವನು ಸುದ್ದಿ ಬರೆದುಕೊಂಡು, ಕೊನೆಗೆ ತನ್ನ ಸಂಕೇತದ ಜೊತೆ ‘ಆರ್’ ಎಂದು ಒತ್ತಬೇಕು. ಅದು ಸ್ವೀಕೃತಿ. ಕಳಿಸಿದವನು ಅದರ ಹೊತ್ತನ್ನು ಪುಸ್ತಕದಲ್ಲಿ ಬರೆದರೆ ಅವನ ಜವಾಬ್ದಾರಿ ಮುಗಿಯಿತು.

ಧಾರವಾಡದ ಒಂದು ಸಣ್ಣ ಕಚೇರಿಯಲ್ಲಿ ಆ ವರ್ಷ ಕಾಂಬಳೆ ಎಂಬ ಹುಡುಗ ಹೊಸದಾಗಿ ಬಂದಿದ್ದ. ಇಪ್ಪತ್ತೆರಡು ವಯಸ್ಸು. ಅವನ ತಂದೆ ಕೆಲವೇ ವರ್ಷಗಳ ಹಿಂದೆ ಬೌದ್ಧ ದೀಕ್ಷೆ ಪಡೆದಿದ್ದರು. ಇಡೀ ಮನೆತನದಲ್ಲಿ ಸರಕಾರಿ ಕುರ್ಚಿಯ ಮೇಲೆ ಕೂತವನು ಇವನೇ ಮೊದಲು. ಇನ್ನೂ ಪ್ರೊಬೇಶನ್, ಅಂದರೆ ಎರಡು ವರ್ಷ ಒಂದು ಕಪ್ಪು ಚುಕ್ಕೆಯೂ ಬೀಳದಿದ್ದರೆ ಮಾತ್ರ ನೌಕರಿ ಕಾಯಂ. ಅವನ ಕೈ ಕಡಲೆ ಹುರಿದಂತೆ ಚಟಚಟ ಓಡುತ್ತಿತ್ತು. ನಮ್ಮಲ್ಲಿ ಮುಖ ನೋಡದೆಯೂ ಕೀ ಒತ್ತುವ ಕೈಯ ಮೇಲೆ ಮನುಷ್ಯನನ್ನು ಗುರುತಿಸುತ್ತಿದ್ದೆವು. ನಡಿಗೆಯ ಸಪ್ಪಳದಿಂದ ಮನೆಯವರನ್ನು ಗುರುತಿಸುವುದಿಲ್ಲವೇ, ಹಾಗೆ.

ಕಾಂಬಳೆ ದಿನಕ್ಕೆ ಎರಡು ಮೂರು ಸಲ ಒಂದು ಸಣ್ಣ ಗುರುತು ಒತ್ತುತ್ತಿದ್ದ. ನೀರು ಕುಡಿದು ಬರುತ್ತೇನೆ ಎಂಬ ಗುರುತು. ಅವನ ಕಚೇರಿಯಲ್ಲಿ ಮಣ್ಣಿನ ಕೊಡವಿತ್ತು, ತಣ್ಣನೆಯ ನೀರೂ ಇತ್ತು. ಆದರೆ ಆ ಕೊಡ ಅಲ್ಲಿಯ ಹಿರಿಯ ಗುಮಾಸ್ತರದು. ಕಾಂಬಳೆ ಓಣಿಯ ತುದಿಯ ನಳದವರೆಗೆ ಹೋಗಬೇಕಿತ್ತು. ಹೋಗಿ ಬರಲು ಕಾಲು ಗಂಟೆ.

ಆ ಕಾಲು ಗಂಟೆಗೆ ಒಂದು ಒಳ ಏರ್ಪಾಡು ಆಗಿತ್ತು. ಅದೇ ತಂತಿಯ ಮೇಲೆ ಮುಂದಿನ ಕಚೇರಿಯಲ್ಲಿ ಶಾಮರಾವ್ ಇದ್ದರು. ನನಗೆ ಮೋರ್ಸ್ ಕಲಿಸಿದವರು. ಕಾಂಬಳೆಯ ಸಂಕೇತಕ್ಕೆ ಕರೆ ಬಂದರೆ ಅವರೇ ಬರೆದುಕೊಂಡು, ಅವನ ಸಂಕೇತದಲ್ಲೇ ‘ಆರ್’ ಕೊಟ್ಟು, ಅವನು ಬಂದ ಮೇಲೆ ದಾಟಿಸುತ್ತಿದ್ದರು. ನಿಯಮಕ್ಕೆ ಪೂರಾ ವಿರುದ್ಧ, ಹಾಗೆ ದಾಟಿಸಿದ್ದನ್ನು ಯಾರೂ ಪುಸ್ತಕದಲ್ಲಿ ಬರೆಯುತ್ತಿರಲಿಲ್ಲ. ನಾವೆಲ್ಲ ಅದನ್ನು ಶಾಮರಾಯರ ದೊಡ್ಡ ಗುಣ ಎಂದು ಹೊಗಳುತ್ತಿದ್ದೆವು. ಆ ಹುಡುಗನಿಗೆ ಕಚೇರಿಯ ಕೊಡದಿಂದಲೇ ನೀರು ಕೊಡಿಸೋಣ ಎಂದು ಒಬ್ಬನೂ ಬಾಯಿ ಬಿಡಲಿಲ್ಲ. ಅವನ ನೀರಿನ ಗುರುತು ಆರು ಕಚೇರಿಗಳಿಗೂ ದಿನಾ ಕೇಳುತ್ತಿತ್ತು.

ಏಪ್ರಿಲ್ ತಿಂಗಳ ಒಂದು ಮಂಗಳವಾರ ಮೀರಜದಿಂದ ಒಂದು ತಾರು ಬಂತು. ಅಮ್ಮಿನಬಾವಿಯ ಕಮ್ಮಾರ ದಸ್ತಗೀರಸಾಬರಿಗೆ ಅವರ ಅಳಿಯ ಕಳಿಸಿದ್ದು. ಮಗಳು ಆಸ್ಪತ್ರೆಯಲ್ಲಿದ್ದಾಳೆ, ಸ್ಥಿತಿ ಗಂಭೀರ, ಕೂಡಲೇ ಹೊರಡಿ. ಅಮ್ಮಿನಬಾವಿಗೆ ತಾರು ಹಂಚುವುದು ಕಾಂಬಳೆಯ ಕಚೇರಿ. ನಾನು ಕರೆದೆ, ಕಳಿಸಿದೆ, ‘ಆರ್’ ಬಂತು. ಹನ್ನೊಂದು ನಲವತ್ತು ಎಂದು ಬರೆದೆ. ‘ಆರ್’ ಅಂದರೆ ಚುಕ್ಕೆ, ಗೆರೆ, ಚುಕ್ಕೆ; ನಡುವಿನ ಗೆರೆಯನ್ನು ತುಸು ಎಳೆದಿದ್ದ ಆ ಕೈ ಶಾಮರಾಯರದು. ನೀರಿನ ಗುರುತು ಆಗಲೇ ಕೇಳಿದ್ದೆ. ನನಗೆ ಸಂಶಯವೇ ಇರಲಿಲ್ಲ.

ಅಂದು ಮಧ್ಯಾಹ್ನ ಶಾಮರಾಯರ ಮನೆಗೆ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಹನ್ನೆರಡಕ್ಕೆ ಪಾಳಿ ಮುಗಿದದ್ದೇ ತಡ, ಅವರು ತಾರು ದಾಟಿಸುವುದನ್ನು ಮರೆತು, ಟೊಪ್ಪಿಗೆ ಹಾಕಿಕೊಂಡು ಹೊರಟುಬಿಟ್ಟರು. ಬರೆದ ಕಾಗದ ಅವರ ಮೇಜಿನ ಮೇಲೆ ಪುಸ್ತಕದ ಕೆಳಗೆ ಉಳಿಯಿತು. ಮರುದಿನ ಬೆಳಿಗ್ಗೆ ಕಂಡಾಗ ಗಾಬರಿಯಿಂದ ಕಾಂಬಳೆಗೆ ದಾಟಿಸಿದರು. ಅವನು ಅದೇ ಗಳಿಗೆ ಜವಾನನನ್ನು ಸೈಕಲ್ ಮೇಲೆ ಓಡಿಸಿದ. ದಸ್ತಗೀರಸಾಬರು ಮೀರಜ ಸೇರುವ ಹೊತ್ತಿಗೆ ಮಗಳನ್ನು ಮಣ್ಣು ಮಾಡಿ ಆಗಿತ್ತು.

ಮುದುಕರು ತಾರಿನ ಕಾಗದ ಹಿಡಿದುಕೊಂಡೇ ಬಂದು ದೂರು ಕೊಟ್ಟರು. ಅದರ ಮೇಲೆ ಮೀರಜದಲ್ಲಿ ತಾರು ಕೊಟ್ಟ ದಿನ ಒಂದು, ಮುಟ್ಟಿಸಿದ ದಿನ ಇನ್ನೊಂದು. ವಿಚಾರಣೆಗೆ ಮೇಲಿನ ಕಚೇರಿಯಿಂದ ಒಬ್ಬ ಅಧಿಕಾರಿ ಬಂದರು. ನನ್ನ ಪುಸ್ತಕ ಹೇಳುತ್ತಿತ್ತು: ಮಂಗಳವಾರ ಹನ್ನೊಂದು ನಲವತ್ತಕ್ಕೆ ಕಾಂಬಳೆಯ ಕಚೇರಿಗೆ ತಾರು ಸಿಕ್ಕಿದೆ. ಅವನ ಪುಸ್ತಕದಲ್ಲಿ ಆ ಹೊತ್ತಿಗೆ ಏನೂ ಇಲ್ಲ.

ವಿಚಾರಣೆಯ ಹಿಂದಿನ ಸಂಜೆ ಶಾಮರಾಯರು ನನ್ನ ಖೋಲಿಗೆ ಬಂದರು. ಕಣ್ಣೀರು ಹಾಕಿಕೊಂಡರು. ಸುಳ್ಳು ಕಣ್ಣೀರಲ್ಲ, ಅದೇ ಕಷ್ಟ.

“ತಮ್ಮಾ, ಅವನಿಗೆ ಇನ್ನೂ ಸಣ್ಣ ವಯಸ್ಸದ. ಬ್ಯಾರೆ ನೌಕರಿ ಸಿಗ್ತದ. ನನಗ ಎರಡು ವರ್ಷಕ್ಕ ಪೆನ್ಶನ್. ಮಗಳ ಲಗ್ನ ಗೊತ್ತಾಗೇದ. ನೀ ಏನೂ ಸುಳ್ಳ ಹೇಳಬ್ಯಾಡ. ಪುಸ್ತಕದಾಗ ಏನದನೋ ಅಷ್ಟ ಹೇಳು.”

ಮರುದಿನ ಧಾರವಾಡದ ಆ ಸಣ್ಣ ಕಚೇರಿಯಲ್ಲೇ ಅಧಿಕಾರಿಗಳು ಕಾಂಬಳೆಯನ್ನು ಕೇಳಿದರು, “ಜಾಗ ಬಿಟ್ಟು ಯಾಕೆ ಎದ್ದೆ?”

“ನೀರು ಕುಡ್ಯಾಕ ಹೋಗಿದ್ನಿರಿ.”

“ಕಚೇರಿಯಲ್ಲಿ ಕೊಡ ಇದೆಯಲ್ಲ?”

ಹಿರಿಯ ಗುಮಾಸ್ತರು ಅಲ್ಲೇ ಕೂತಿದ್ದರು. ಕಾಂಬಳೆ ಅವರ ಕಡೆ ಒಮ್ಮೆ ನೋಡಿ, “ಐತ್ರಿ. ನನಗಲ್ರಿ ಅದು,” ಎಂದ. ಅಧಿಕಾರಿಗಳ ಲೇಖನಿ ಕಾಗದದ ಮೇಲೆ ನಿಂತಿತು. ಒಂದು ಗಳಿಗೆ, ಅಷ್ಟೇ. ಆ ಮಾತನ್ನು ಅವರು ಬರೆದುಕೊಳ್ಳಲಿಲ್ಲ.

ತಾನಿಲ್ಲದಾಗ ಶಾಮರಾಯರು ಸುದ್ದಿ ತೆಗೆದುಕೊಳ್ಳುತ್ತಿದ್ದರೆಂದು ಕಾಂಬಳೆ ಹೇಳಿದ. ಶಾಮರಾಯರು ಇಲ್ಲವೆಂದರು. ಆಗ ಅವನು ನನ್ನ ಕಡೆ ಕೈ ತೋರಿಸಿದ. “ಇವರನ್ನ ಕೇಳ್ರಿ ಸಾಹೇಬ್ರ. ಇವರಿಗೆ ನನ್ನ ಕೈ ಗೊತ್ತೈತಿ, ಅವರ ಕೈನೂ ಗೊತ್ತೈತಿ.”

ಅಧಿಕಾರಿಗಳು ನನ್ನನ್ನು ಕೇಳಿದರು. ನಾನು ಹೇಳಿದೆ: “ಆ ಕಚೇರಿಯ ಸಂಕೇತದಿಂದಲೇ ಸ್ವೀಕೃತಿ ಬಂತು ಸರ್. ಪುಸ್ತಕದಲ್ಲಿ ಇದೆ.”

ಒಂದಕ್ಷರ ಸುಳ್ಳಿಲ್ಲ. ಅಷ್ಟು ಹೇಸಿಗೆಯ ಮಾತನ್ನು ನಾನು ಜನ್ಮದಲ್ಲಿ ಇನ್ನೊಮ್ಮೆ ಆಡಿಲ್ಲ. ತಿಂಗಳೊಳಗೆ ಕಾಂಬಳೆಯನ್ನು ನೌಕರಿಯಿಂದ ತೆಗೆದರು. ಶಾಮರಾಯರು ಪೆನ್ಶನ್ ಪಡೆದರು. ಅವರ ಮಗಳ ಲಗ್ನದಲ್ಲಿ ನಾನು ಎರಡು ಹೋಳಿಗೆ ಉಂಡು ಬಂದೆ. ನನಗೆ ಬಡ್ತಿಯೂ ಆಯಿತು.

1968ರಲ್ಲಿ ಯಾರೋ ಹೇಳಿದರು, ಕಾಂಬಳೆ ಬೈರಿದೇವರಕೊಪ್ಪದಲ್ಲಿ ರೇಡಿಯೊ ದುರಸ್ತಿ ಮಾಡುತ್ತಾನೆಂದು. ಹೋದೆ. ಒಂದೇ ಖೋಲಿ, ಬಾಗಿಲ ಬಳಿ ಬಿಚ್ಚಿಟ್ಟ ರೇಡಿಯೊಗಳು. ಅವನು ಬೈಯಲಿಲ್ಲ. “ಬರ್ರಿ, ಕುಂಡ್ರರಿ,” ಎಂದ. ಕ್ಷಮೆ ಕೇಳುವ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ, ಬಾಯಿಗೆ ಬರಲಿಲ್ಲ. ಬದಲಿಗೆ, “ಒಂದಿಷ್ಟು ನೀರು ಕೊಡಪಾ,” ಎಂದೆ. ಹಾಗೆ ಕೇಳಿದರೆ ಏನೋ ದೊಡ್ಡದು ಮಾಡಿದಂತಾಗುತ್ತದೆ ಎಂದು ನನ್ನ ಮನಸ್ಸಿನಲ್ಲಿದ್ದದ್ದು ನಿಜ.

ಅವನು ತಂಬಿಗೆ ತಂದುಕೊಟ್ಟ. ನಾನು ಪೂರ್ತಿ ಕುಡಿಯುವವರೆಗೂ ನಿಂತು ನೋಡಿದ.

“ನಮ್ಮ ಮನ್ಯಾಗ ನೀರು ಕುಡದ್ರಿ, ಛಲೋ ಆತು,” ಎಂದ. “ಆದ್ರ ನಾ ನಿಮ್ಮನ್ನ ಅವತ್ತು ನೀರು ಕೇಳಿರಲಿಲ್ರಿ. ಒಂದು ಮಾತು ಕೇಳಿದ್ದೆ.”

ಖಾಲಿ ತಂಬಿಗೆ ನನ್ನ ಕೈಯಿಂದ ತೆಗೆದುಕೊಂಡು ಅವನು ಮತ್ತೆ ರೇಡಿಯೊ ಮುಂದೆ ಕೂತ. ನಾನು ಎದ್ದು ಬಂದೆ.

ಆಮೇಲೂ ಬಹಳ ವರ್ಷ ಅದೇ ಕೆಲಸ ಮಾಡಿದೆ. ಹೊಸಬರಿಗೆ ಕಲಿಸುವಾಗ, ಸ್ವೀಕೃತಿ ಬಂದಾಗ ಹೊತ್ತು ಬರೆಯುವ ಮೊದಲು ಕೈ ಯಾರದೆಂದು ಕೇಳಿಸಿಕೊಳ್ಳಿ ಎಂದು ಹೇಳುತ್ತಿದ್ದೆ. ಬೇರೆಯವನ ಕೈಯಾದರೆ ಹಾಗೆಂದೇ ಬರೆಯಿರಿ, ಯಾರು ಕೇಳಿದರೂ ಹಾಗೆಂದೇ ಹೇಳಿರಿ. ಯಾಕೆ ಸರ್, ಎಂದು ಅವರು ಕೇಳುತ್ತಿದ್ದರು. ನಿಯಮ ಹಾಗಿದೆ ಎಂದು ಹೇಳಿ ಮುಗಿಸುತ್ತಿದ್ದೆ. ಕಾಂಬಳೆಯ ಹೆಸರನ್ನು ಅವರ ಮುಂದೆಯೂ ನಾನು ಎತ್ತಲಿಲ್ಲ.