ಪಾಚಿ ಉಜ್ಜುತ್ತಿದ್ದ ಮೀನಿನಕ್ಕ

ಹೆದ್ದಾರಿ ಅಗಲವಾಗುವ ಮೊದಲು, ತೆಕ್ಕಟ್ಟೆಯ ನಮ್ಮ ಮನೆಗೆ ಬೆಳಿಗ್ಗೆ ಬುಟ್ಟಿ ಹೊತ್ತು ಬರುತ್ತಿದ್ದ ಮೀನಿನಕ್ಕನಿಗೆ ಜಗಲಿಯಲ್ಲಿದ್ದ ಬಣ್ಣದ ಮೀನುಗಳ ಗಾಜಿನ ತೊಟ್ಟಿ ಕಂಡರೆ ನಗು. “ತಿಂಬುಕಾಗದ್ ಮೀನ್ ಎಂತಕಮ್ಮ ಸಾಂಕುದ್?” ಎಂದು ದಿನಾ ಕೇಳುವಳು. ಉತ್ತರಕ್ಕೆ ಕಾಯುವವಳಲ್ಲ, ಕೇಳುತ್ತಲೇ ನನ್ನ ಪಾತ್ರೆಗೆ ಬಂಗುಡೆ ಹಾಕುವಳು.

ಬಿಸಿಲು ಬೀಳುವ ಜಾಗ, ವಾರ ಕಳೆಯುವುದರೊಳಗೆ ಗಾಜೆಲ್ಲ ಹಸಿರು ಪಾಚಿ. ಒಂದು ದಿನ ರೋಸಿಹೋಗಿ ಪಾತ್ರೆ ತೊಳೆಯುವ ಸಾಬೂನನ್ನೇ ಕೈಗೆತ್ತಿಕೊಂಡೆ. ಅಷ್ಟರಲ್ಲಿ ಅಂಗಳದಿಂದ ಕೂಗು: “ಹ್ವಾಯ್! ಸಾಬೂನ್ ಹಾಕುಕಾಗ, ಮೀನ್ ಸಾಯ್ತ್!” ಬುಟ್ಟಿ ಇಳಿಸಿದವಳೇ ಸೆರಗಿನ ಗಂಟಿನಿಂದ ಹಳೇ ಬಲೆಯ ತುಂಡೊಂದನ್ನು ತೆಗೆದಳು. ಅದನ್ನೂ ಕೈಯನ್ನೂ ಬಾವಿಕಟ್ಟೆಯಲ್ಲಿ ತಿಕ್ಕಿ ತೊಳೆದು, ಬಲೆಯನ್ನು ಮುದ್ದೆ ಮಾಡಿ, ಮೊಣಕೈವರೆಗೆ ನೀರಿಗಿಳಿಸಿ ಉಜ್ಜಿದಳು. ಒಂದು ಗೀರೂ ಬೀಳದೆ ಮೂರು ಬದಿ ಫಳಫಳ ಹೊಳೆದವು. ಹಿಂದಿನ ಗಾಜನ್ನು ಮಾತ್ರ ಮುಟ್ಟಲಿಲ್ಲ. “ಅದ್ ಬಿಡಿ. ಅವ್ಕೆ ತಿಂಬುಕೆ ಬೇಕಲ್ದಾ?”

ಆಮೇಲೆ ಶನಿವಾರ ಶನಿವಾರ ಗಾಜು ಉಜ್ಜುವುದು ಅವಳದೇ ಕೆಲಸವಾಯಿತು. ನಾನು ಕೈಹಾಕಿದರೆ ಅವಳಿಗೆ ಸರಿಬರುತ್ತಿರಲಿಲ್ಲ.

ಅಷ್ಟು ದಿನ ತೊಟ್ಟಿಯ ಎದುರಿಗೇ ಇಳಿಸುತ್ತಿದ್ದ ಮೀನಿನ ಬುಟ್ಟಿಯನ್ನು ಆಗಿನಿಂದ ಬಾವಿಕಟ್ಟೆಯ ಆಚೆ ಇಡತೊಡಗಿದಳು. ಬೆಕ್ಕು ಬಾಯಿ ಹಾಕೀತು, ಇಲ್ಲಿಗೇ ತಾ ಎಂದೆ. ತೊಟ್ಟಿಯತ್ತ ಒಮ್ಮೆ ನೋಡಿ, ಸ್ವರ ತಗ್ಗಿಸಿ ಹೇಳಿದಳು:

“ಬ್ಯಾಡ ಅಮ್ಮ. ಅವ್ಕೆ ಕಾಂಬುದ್ ಬ್ಯಾಡ.”