ಮೇಷ್ಟ್ರಿಗೆ ಕೊಟ್ಟ ಖೋ

ಸೊರಬದ ಹೈಸ್ಕೂಲಲ್ಲಿ ಹಳೇ ಆಟಗಾರರ ಫೋಟೋ ಗೋಡೆಗೆ ಹಾಕಿ ಸನ್ಮಾನ ಮಾಡ್ತಾರಂತ ಶಿಕಾರಿಪುರದಿಂದ ಹಾರ ಹೊತ್ತು ಹೋಗಿದ್ದೆ. ಹಾರ ಮಾರೋದು ನೆಪ. ಖೋಖೋ ಕ್ಯಾಪ್ಟನ್ ನಾಗರತ್ನ ಬರ್ತಾಳೆ ಅಂತ ಗೊತ್ತಿತ್ತು. ಅವಳ ತಂಡ ಗೆದ್ದ ಬೆಳ್ಳಿ ಕಪ್ ಆ ಕಾಲದಲ್ಲೇ ಶಾಲೆಯ ಬೀರುವಿನಿಂದ ಮಾಯವಾಗಿತ್ತು. ಆಟದ ಮೇಷ್ಟ್ರೇ ಮಾರಿಕೊಂಡರು ಅಂತ ಎರಡೂ ತಾಲ್ಲೂಕಿನವರು ಇವತ್ತಿಗೂ ಆಡಿಕೊಳ್ತೀವಿ.

ಅದಕ್ಕೇ ಗೋಡೆಯ ಮೇಲೆ ಮೇಷ್ಟ್ರ ಫೋಟೋ ಇರಲಿಲ್ಲ. ಈಗ ಮುದುಕರಾಗಿರೋ ಅವರು ಯಾರೂ ಕರೆಯದಿದ್ದರೂ ಬಂದು ಕೊನೇ ಸಾಲಲ್ಲಿ ನನ್ನ ಪಕ್ಕ ಕೂತಿದ್ದರು.

ವೇದಿಕೆ ಮೇಲೆ ನಾಗರತ್ನಳ ಹೆಸರು ಕೂಗಿದರು. ಈಗ ಅಜ್ಜಿಯಾಗಿರೋ ಅವಳು ಹಾರಕ್ಕೆ ಕತ್ತು ಕೊಡದೆ ಸೀದಾ ಇಳಿದು ಬಂದು, ಮೇಷ್ಟ್ರ ಬೆನ್ನು ತಟ್ಟಿ "ಖೋ" ಅಂದಳು. ಆಟದಲ್ಲಿ ಖೋ ಸಿಕ್ಕವರು ಏಳಬೇಕು, ಕೊಟ್ಟವರು ಆ ಜಾಗದಲ್ಲಿ ಕೂರಬೇಕು.

"ಬೇಡ ಮಗಾ," ಅಂದರು ಮೇಷ್ಟ್ರು.

"ನೀವೇ ಕಲಿಸಿದ್ದಲ್ವಾ ಸರ್? ಖೋ ಸಿಕ್ಕ ಮೇಲೆ ಕೂತಿರೋ ಹಾಗಿಲ್ಲ. ಏಳಿ."

ಕೋಲೂರಿ ಎದ್ದರು. ನಿಧಾನಕ್ಕೆ ವೇದಿಕೆ ತನಕ ನಡೆದರು. ಹೆಡ್‌ಮಾಸ್ಟರೇ ಕೈ ಹಿಡಿದು ಹತ್ತಿಸಿ, ಅವಳ ಹಾರ ಅವರಿಗೆ ಹಾಕಿದರು.

ನಾಗರತ್ನ ಆ ಖಾಲಿ ಕುರ್ಚಿಯಲ್ಲಿ, ನನ್ನ ಪಕ್ಕವೇ ಕೂತಳು. ಕಪ್ ನಿಜವಾಗಿ ಯಾರು ಕದ್ದರು ಅಂತ ಕೇಳೋಕೆ ಇದಕ್ಕಿಂತ ಒಳ್ಳೇ ಸಮಯ ಎಲ್ಲಿ ಸಿಗಬೇಕು?

"ನೀರು ಬೇಕೇನವ್ವಾ?" ಅಂದೆ. ನನ್ನ ನಾಲಿಗೆ ನನಗೇ ಕೈಕೊಟ್ಟಿದ್ದು ಅದೊಂದೇ ಸಲ.