ಶಿಲಾಫಲಕದ ಕೆಳಗೊಂದು ಚರಂಡಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನಗರದ ಕಾಮಗಾರಿ ವಿಭಾಗದ ಮುಖ್ಯಸ್ಥೆ ಹೊಸ ರಸ್ತೆಯ ಮೇಲ್ತುದಿಯಲ್ಲಿ ನಿಂತು ಒಂದು ಬಕೆಟ್ ನೀರು ಸುರಿಯುತ್ತಾರೆ. ನೀರು ಇಳಿಜಾರಿನಲ್ಲಿ ಓಡುತ್ತದೆ, ಅದರ ಹಿಂದೆ ಇವರು. ಹೀಗೆ ನೋಡದೆ ಯಾವ ರಸ್ತೆಯನ್ನೂ ಅವರು ಒಪ್ಪಿಕೊಂಡವರಲ್ಲ. ಕಚೇರಿಯಲ್ಲಿ ಬೆನ್ನ ಹಿಂದೆ ಅವರ ಹೆಸರು ‘ಬಕೆಟ್ ಮೇಡಂ’. ಮೇಲಿನವರಿಗೆ ಬಕೆಟ್ ಹಿಡಿಯದವರು ಅಲ್ಲಿ ಅವರೊಬ್ಬರೇ ಎಂಬುದು ಬೇರೆ ಮಾತು.

ತಿರುವಿನವರೆಗೆ ಸಲೀಸಾಗಿ ಬಂದ ನೀರು ಅಲ್ಲಿ ತಡವರಿಸಿ, ಪಕ್ಕದ ದರ್ಜಿಯಮ್ಮನ ಹೊಸ್ತಿಲಿನತ್ತ ತಿರುಗುತ್ತದೆ. ಚರಂಡಿಯ ಬಾಯಿ ಇರಬೇಕಾದ ಜಾಗದಲ್ಲಿ, ನಿನ್ನೆ ಸಂಜೆ ಇಲ್ಲದ ಕಟ್ಟೆಯೊಂದು ಎದ್ದಿದೆ. ಅದರ ಮೇಲೆ ಉದ್ಘಾಟನೆಯ ಶಿಲಾಫಲಕ, ಪರದೆ ಹೊದ್ದು ನಿಂತಿದೆ.

“ಯಾರಿಗಯ್ಯಾ ಹೊಳೀತು ಈ ಬುದ್ಧಿ?” ಅವರ ದನಿಗೆ ಅಕ್ಕಪಕ್ಕದ ಕಿಟಕಿಗಳು ತೆರೆಯುತ್ತವೆ.

ಜೊತೆಗೆ ಬಂದಿದ್ದ ಗುತ್ತಿಗೆದಾರ ತಲೆ ಕೆರೆದುಕೊಳ್ಳುತ್ತಾನೆ. “ಫೋಟೋಗೆ ಬೆಳಕು ಚೆನ್ನಾಗಿ ಬೀಳೋದು ಇಲ್ಲೇ ಅಂದ್ರು ಮೇಡಂ. ಮಂತ್ರಿಗಳು ಬಂದು ಹೋಗ್ಲಿ, ಆಮೇಲೆ ನೋಡೋಣ.”

“ಈ ‘ಆಮೇಲೆ’ನ ಚಿಕ್ಕವಳಿದ್ದಾಗಿಂದ ಕೇಳ್ತಿದ್ದೀನಿ.”

ನಿಜವೇ. ಗಾರೆ ಕೆಲಸದ ಅಪ್ಪ ಕಟ್ಟಿದ ಮನೆಗೆ ಆಗ ಮೆಟ್ಟಿಲು ಹತ್ತಿ ಹೋಗಬೇಕಿತ್ತು. ಹಳೆಯ ಡಾಂಬರು ಕೀಳದೆ ರಸ್ತೆಯ ಮೇಲೆ ರಸ್ತೆ ಹಾಕುತ್ತ ಹೋದರು. ಮಗಳು ಹೈಸ್ಕೂಲು ಮುಗಿಸುವಷ್ಟರಲ್ಲಿ ಅದೇ ಮನೆಗೆ ಇಳಿದು ಹೋಗುವಂತಾಯಿತು. ನೀರು ನುಗ್ಗಿದಾಗೆಲ್ಲ ಅಪ್ಪ ಹೊಸ್ತಿಲಿಗೆ ಒಂದು ಸಾಲು ಇಟ್ಟಿಗೆ ಏರಿಸುತ್ತಿದ್ದರು. ಕೊನೆಗೆ ಸ್ವಂತ ಮನೆಗೇ ತಲೆ ತಗ್ಗಿಸಿ ಹೋಗಬೇಕಾಯಿತು.

“ಮನೆ ಕುಸೀತು ಅಂತ ಎಲ್ರೂ ಅಂದ್ರು. ಸುಳ್ಳು! ರಸ್ತೆ ಏರ್ತು. ಆ ಸಿಟ್ಟಲ್ಲೇ ಎಂಜಿನಿಯರಿಂಗ್ ಸೇರ್ದೆ, ಆ ಸಿಟ್ಟಲ್ಲೇ ನಗರ ಯೋಜನೆ ಓದ್ದೆ,” ಎಂದು ಗುತ್ತಿಗೆದಾರನಿಗೆ ಹೇಳುತ್ತಾರೆ.

ಆ ಸಿಟ್ಟಿಗೆ ಸಿಕ್ಕ ಬಹುಮಾನ ವರ್ಗಾವಣೆ. ಕಳಪೆ ರಸ್ತೆಗೆ ಸಹಿ ಹಾಕದಿದ್ದಕ್ಕೆ ಗೋದಾಮಿಗೆ ತಳ್ಳಿದರು. ಕಾಲುವೆಯ ಮೇಲೆ ಅಂಗಡಿ ಕಟ್ಟಬೇಡಿ ಎಂದದ್ದಕ್ಕೆ ತರಬೇತಿ ಕೇಂದ್ರದಲ್ಲಿ ಕೂರಿಸಿದರು. ಮುಖ್ಯಸ್ಥೆಯ ಕುರ್ಚಿ ಸಿಕ್ಕಿದ್ದು ತಲೆ ನರೆತ ಮೇಲೆ, ಹೋದ ವರ್ಷ. ಬಂದವರೇ ತಗ್ಗಿನ ಬೀದಿಗಳ ಹಳೆ ಡಾಂಬರು ಕೀಳಿಸತೊಡಗಿದರು. ಅರ್ಧ ಊರು ಇನ್ನೂ ಬಾಕಿಯಿದೆ.

ಯಾರೋ ಆಗಲೇ ಸುದ್ದಿ ಮುಟ್ಟಿಸಿರಬೇಕು, ಫೋನು ಹೊಡೆದುಕೊಳ್ಳುತ್ತದೆ. ಮೇಲಧಿಕಾರಿ. “ಒಂದು ದಿನ ಕಣ್ಮುಚ್ಕೊಂಡಿರಿ ಮೇಡಂ. ಇಲ್ಲಾಂದ್ರೆ ಸಂಜೆಯೊಳಗೆ ಕುರ್ಚಿ ಇರಲ್ಲ.”

ಅವರು ಕೆಳಗಿನ ಬೀದಿಗಳತ್ತ ನೋಡುತ್ತಾರೆ. ಕುರ್ಚಿ ಹೋದರೆ ಉಳಿದ ಬೀದಿಗಳ ಗತಿ? ಎದುರಿಗೆ ದರ್ಜಿಯಮ್ಮ ಒದ್ದೆ ಹೊಸ್ತಿಲಿಗೆ ಚಿಂದಿ ಬಟ್ಟೆ ಒತ್ತುತ್ತಿದ್ದಾಳೆ. ಒಳಗೆ ಹೊಲಿಗೆ ಯಂತ್ರ ಮಂಚದ ಮೇಲಿದೆ. “ಮೋಡ ಆದ್ರೆ ಮೊದ್ಲು ಅದನ್ನ ಮೇಲೆತ್ತಿಡ್ತೀನಕ್ಕ,” ಅನ್ನುತ್ತಾಳೆ. “ಹೋದ ಮಳೇಲಿ ಒಂದರ ಮೋಟಾರು ಸುಟ್ಟೋಯ್ತು.”

“ಕುರ್ಚಿ ನೀವೇ ಇಟ್ಕೊಳ್ಳಿ ಸರ್. ಕಟ್ಟೆ ಒಡೆಸ್ತಿದ್ದೀನಿ.” ಫೋನು ಬ್ಯಾಗಿಗೆ ಬೀಳುತ್ತದೆ.

ಕೂಲಿಯಾಳುಗಳ ಹಾರೆಗಳು ಏಳುತ್ತವೆ. ಪರದೆ ಸಮೇತ ಫಲಕವನ್ನು ಗೋಡೆಗೆ ಒರಗಿಸುತ್ತಾರೆ. ಇನ್ನೊಂದು ಬಕೆಟ್ ಸುರಿದಾಗ ನೀರು ನೇರವಾಗಿ ಬಂದು ಚರಂಡಿಗೆ ಗಳಗಳನೆ ಇಳಿಯುತ್ತದೆ.

“ಮಷೀನು ಕೆಳಗಿಳಿಸ್ಲಾ ಅಕ್ಕ?”

“ಇಳಿಸು,” ಎಂದು ಅವರೇ ಒಳಗೆ ಹೋಗಿ ಒಂದು ಕಡೆ ಹಿಡಿಯುತ್ತಾರೆ.

ಫಲಕದಲ್ಲಿ ನಿಮ್ಮ ಹೆಸರಿದೆಯೇ ಎಂದು ದರ್ಜಿಯಮ್ಮ ಕೇಳಿದರೆ ಕೈಯ ಧೂಳು ಕೊಡವುತ್ತಾರೆ.

“ನಂದ್ಯಾಕೆ? ಜೋರು ಮಳೆ ಬಂದ ದಿನ ‘ಈ ರಸ್ತೆ ಮಾಡ್ದೋರು ಯಾರು’ ಅಂತ ಯಾರೂ ಕೇಳ್ಬಾರ್ದು. ಅಷ್ಟೇ ಸಾಕು ನಂಗೆ.”